ಇ.ಎಫ್. ಏರಿತು ಅಂದರೆ ಸ್ನಾಯು ಬೆಳೆಯಿತು ಅಂತಲ್ಲ

ಹಾರ್ಟ್ ಅಟ್ಯಾಕ್ ಆಗಿ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರ ಮನೆಗೆ ಸ್ವಲ್ಪ ದಿನದಲ್ಲೇ ಒಂದು ವಾಟ್ಸ್ಆ್ಯಪ್ ವಿಡಿಯೋ ಬರುತ್ತದೆ. ಕಳಿಸುವವರು ಹೆಚ್ಚಾಗಿ ದುಬೈಯಲ್ಲೋ ದೋಹಾದಲ್ಲೋ ಇರುವ ಅಳಿಯ, ಭಾವ. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರೊಳಗಿನ ಸ್ಟೆಮ್ ಸೆಲ್ಲನ್ನು, ಅಂದರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲಕೋಶವನ್ನು, ಹೃದಯಕ್ಕೆ ಬಿಟ್ಟರೆ ಸತ್ತ ಸ್ನಾಯು ಮತ್ತೆ ಬೆಳೆಯುತ್ತದಂತೆ. ಸಾಕ್ಷಿಗೆ ಎರಡು ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್: ಹೃದಯ ರಕ್ತ ದೂಡುವ ಅಳತೆಯಾದ ಇ.ಎಫ್. ಮೊದಲು 30, ಈಗ 45. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ತೋಟ ಅಡವಿಟ್ಟಾದರೂ ಮಾಡಿಸಿಬಿಡೋಣವೇ ಎಂಬ ಮಾತು ಇಲ್ಲಿಂದ ಶುರುವಾಗುತ್ತದೆ. ಆ ರಿಪೋರ್ಟ್ ಸುಳ್ಳಾಗಿರಬೇಕಿಲ್ಲ. ಇ.ಎಫ್. ನಿಜಕ್ಕೂ 30ರಿಂದ 45ಕ್ಕೆ ಏರಿರಬಹುದು. ಏರಿದ್ದು ಯಾವುದರಿಂದ ಎಂಬುದನ್ನು ಮಾತ್ರ ವಿಡಿಯೋ ಹೇಳುವುದಿಲ್ಲ.

ಮೊದಲು ನಷ್ಟದ ಲೆಕ್ಕ ನೋಡೋಣ. ಹೃದಯದ ಎಡ ಕೆಳಕೋಣೆಯಲ್ಲಿ 200ರಿಂದ 400 ಕೋಟಿ ಸ್ನಾಯುಕೋಶಗಳಿರುತ್ತವೆ. ದೊಡ್ಡ ಅಟ್ಯಾಕ್ ಆದರೆ ಕೆಲವೇ ಗಂಟೆಗಳಲ್ಲಿ 100 ಕೋಟಿಯವರೆಗೂ ಸಾಯಬಹುದು. ಸಾವು ಗೋಡೆಯ ಒಳಪದರದಲ್ಲಿ ಶುರುವಾಗಿ ಹೊರಪದರದ ಕಡೆಗೆ ಹರಡುತ್ತದೆ. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ನಾಯಿಗಳ ಹೃದಯದ ರಕ್ತನಾಳ ಕಟ್ಟಿ ಇದನ್ನು ಅಳೆದರು. 40 ನಿಮಿಷಕ್ಕೆ ಕಟ್ಟು ಬಿಚ್ಚಿದರೆ ಅಪಾಯದಲ್ಲಿದ್ದ ಭಾಗದ 38% ಸತ್ತಿತ್ತು. 3 ಗಂಟೆಗೆ 57%, 6 ಗಂಟೆಗೆ 71%. ಮನುಷ್ಯರಲ್ಲಿ ಅಂಕಿ ಹೆಚ್ಚುಕಡಿಮೆಯಾದೀತು, ಸಾವು ಹರಡುವ ಕ್ರಮ ಇದೇ.

ಸತ್ತ ಜಾಗವನ್ನು ಬಿಳಿ ರಕ್ತಕಣಗಳು ಬಂದು ಗುಡಿಸುತ್ತವೆ. ಮೊದಲ ವಾರ ಗೋಡೆ ಅತಿ ಮೆತ್ತಗಿರುತ್ತದೆ. ಅಪರೂಪಕ್ಕೆ ಹರಿದುಹೋಗುವುದು ಆಗಲೇ. ಆಮೇಲೆ ನಾರುಕೋಶಗಳು ಕೊಲಾಜೆನ್ ತುಂಬಿ, ಆರೆಂಟು ವಾರಗಳಲ್ಲಿ ಗಟ್ಟಿ ಕಲೆ ಕೂರುತ್ತದೆ. ಈ ಕಲೆಯನ್ನು ಶತ್ರು ಎಂದು ತಿಳಿಯುವವರಿದ್ದಾರೆ. ಗೋಡೆ ಒಡೆಯದಂತೆ ಹಿಡಿದಿಟ್ಟಿರುವುದೇ ಅದು. ಆದರೆ ಕಲೆ ಕುಗ್ಗಿ ಹಿಗ್ಗುವುದಿಲ್ಲ. ಉಳಿದ ಸ್ನಾಯುವಿನ ಮೇಲೆ ಭಾರ ಬಿದ್ದು, ತಿಂಗಳುಗಟ್ಟಲೆ ಕಾಲದಲ್ಲಿ ಕೋಣೆಯೇ ಹಿಗ್ಗುತ್ತಾ ಹೋಗುತ್ತದೆ.

ಹೃದಯ ತನ್ನಷ್ಟಕ್ಕೆ ಸ್ನಾಯು ಹುಟ್ಟಿಸಿಕೊಳ್ಳುವುದೇ ಇಲ್ಲವೇ? ಸ್ವಲ್ಪ ಹುಟ್ಟಿಸುತ್ತದೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೇನ್ ತಂಡ 2009ರಲ್ಲಿ ಇದನ್ನು ಜಾಣತನದಿಂದ ಲೆಕ್ಕ ಹಾಕಿತು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಆಹಾರದ ಮೂಲಕ ಜೀವಕೋಶದ ಡಿ.ಎನ್.ಎ.ಯೊಳಗೂ ಕೂತಿದೆ. ಅದರ ಪ್ರಮಾಣ ನೋಡಿದರೆ ಆ ಕೋಶ ಯಾವ ವರ್ಷ ಹುಟ್ಟಿದ್ದೆಂದು ತಿಳಿಯುತ್ತದೆ. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 1% ಸ್ನಾಯುಕೋಶಗಳು ಹೊಸತಾಗುತ್ತವೆ, 75ಕ್ಕೆ ಬರುವಾಗ 0.45%. ಒಂದೇಟಿಗೆ ಕಾಲುಭಾಗ ಹೋದಾಗ ಈ ವೇಗ ಯಾವ ಮೂಲೆಗೂ ಸಾಲದು. ಅಡಿಕೆ ಮರದ ಸುಳಿ ಕೊಳೆತರೆ ಬುಡದಿಂದ ಇನ್ನೊಂದು ಕುಡಿ ಬರುವುದಿಲ್ಲವಲ್ಲ, ಹೃದಯಸ್ನಾಯುವೂ ಹೆಚ್ಚುಕಡಿಮೆ ಅದೇ ಜಾತಿ.

ಹಾಗಾದರೆ ಇ.ಎಫ್. ಏರಿದ್ದು ಹೇಗೆ?

ಇ.ಎಫ್. ಅಂದರೆ ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಅಳತೆ. ಆರೋಗ್ಯವಂತರಲ್ಲಿ 55ರ ಮೇಲಿರುತ್ತದೆ. 100 ಇರಬೇಕಾದ್ದು 30 ಆಗಿದೆ ಎಂದು ಓದಿಕೊಂಡು ಹೆದರುವವರು ತುಂಬಾ ಜನ. ಅಷ್ಟು ಕೆಟ್ಟಿಲ್ಲ.

ಅಟ್ಯಾಕ್ ಆದ ಎರಡನೇ ದಿನ ಎಕೋ ಮಾಡಿದಾಗ ಅಲುಗಾಡದ ಗೋಡೆಯೆಲ್ಲ ಸತ್ತ ಸ್ನಾಯುವಲ್ಲ. ರಕ್ತ ಸಿಗದೆ ಜೋಮು ಹಿಡಿದು, ಸ್ಟೆಂಟ್ ಹಾಕಿದ ಮೇಲೂ ಕೆಲವು ದಿನ ಅಥವಾ ವಾರ ಸುಮ್ಮನಿರುವ ಜೀವಂತ ಸ್ನಾಯು ಅದರಲ್ಲಿ ಬೇಕಾದಷ್ಟಿರುತ್ತದೆ. ಅದು ಎಚ್ಚೆತ್ತಾಗ ಇ.ಎಫ್. ತಾನಾಗಿ ಏರುತ್ತದೆ. ಇದರ ಜೊತೆ ಬೀಟಾ ಬ್ಲಾಕರ್, ರ‍್ಯಾಮಿಪ್ರಿಲ್ ಅಥವಾ ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರೆನೋನ್, ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸರಿಯಾದ ಪ್ರಮಾಣದಲ್ಲಿ ನಡೆದರೆ ಹಿಗ್ಗಿದ ಕೋಣೆ ಸ್ವಲ್ಪ ಕುಗ್ಗಿ ಇನ್ನಷ್ಟು ಏರುತ್ತದೆ. ಮೇಲಿಂದ ಎಕೋ ಕೈಯ ಅಳತೆ. ಒಬ್ಬರು 35 ಬರೆದದ್ದನ್ನು ಅದೇ ದಿನ ಇನ್ನೊಬ್ಬರು 40 ಬರೆದರೆ ಯಾರದ್ದೂ ತಪ್ಪಲ್ಲ. ಎದೆಗೆ ಬಡಿತ ಸರಿಪಡಿಸುವ ಐ.ಸಿ.ಡಿ. ಯಂತ್ರ ಕೂರಿಸಬೇಕೇ ಎಂದು ತೀರ್ಮಾನಿಸಲು ಡಾಕ್ಟರು ಸಾಮಾನ್ಯವಾಗಿ ಅಟ್ಯಾಕ್ ಆಗಿ 40 ದಿನವಾದರೂ ಕಾಯುವುದರ ಹಿಂದೆ ಇದೂ ಒಂದು ಕಾರಣ.

ಜೀವಕೋಶ ಕೊಡದ ಗುಂಪನ್ನು ಪಕ್ಕದಲ್ಲಿಟ್ಟು ನೋಡಿದಾಗ ಇದು ಕಣ್ಣಿಗೆ ಹೊಡೆಯುತ್ತದೆ. 2006ರಲ್ಲಿ ಪ್ರಕಟವಾದ ರಿಪೇರ್-ಎ.ಎಂ.ಐ. ಎಂಬ ಟ್ರಯಲಿನಲ್ಲಿ (ರೋಗಿಗಳ ಮೇಲಿನ ಪ್ರಯೋಗದಲ್ಲಿ) 204 ಜನರಿದ್ದರು. ಮಜ್ಜೆಯ ಕೋಶ ಪಡೆದವರ ಇ.ಎಫ್. 4 ತಿಂಗಳಲ್ಲಿ ಸರಾಸರಿ 5.5 ಅಂಕ ಏರಿತು. ಬರೀ ಹುಸಿ ದ್ರವ ಪಡೆದವರದ್ದೂ 3.0 ಏರಿತ್ತು. ಅದಕ್ಕೂ ಮೊದಲು ಜರ್ಮನಿಯಲ್ಲಿ ನಡೆದ ಬೂಸ್ಟ್ ಟ್ರಯಲಿನಲ್ಲಿ 6 ತಿಂಗಳಿಗೆ ಕೋಶ ಪಡೆದವರು 6.7, ಪಡೆಯದವರು 0.7 ಏರಿದ್ದರು. 18 ತಿಂಗಳಿಗೆ ನೋಡಿದರೆ ಪಡೆಯದವರೂ ಹಿಂದಿನಿಂದ ಬಂದು ಸೇರಿಕೊಂಡು, ಎರಡು ಗುಂಪುಗಳ ನಡುವಿನ ಅಂತರ ಗಣನೆಗೆ ಸಿಗದಷ್ಟಾಗಿತ್ತು. ಇ.ಎಫ್. ಬಿಟ್ಟು ಪ್ರಾಣ ಉಳಿಯುತ್ತದೆಯೇ ಎಂದು ನೋಡಲು ಯುರೋಪಿನಲ್ಲಿ ಬಾಮಿ ಟ್ರಯಲ್ ಹೊರಟಿತು. 3,000 ಜನ ಬೇಕಿತ್ತು, ಸಿಕ್ಕಿದ್ದು 375. 2020ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎರಡು ವರ್ಷದ ಸಾವು ಕೋಶ ಪಡೆದವರಲ್ಲಿ 3.26%, ಪಡೆಯದವರಲ್ಲಿ 3.82%. ಅಷ್ಟು ಕಡಿಮೆ ಜನರಲ್ಲಿ ಆ ವ್ಯತ್ಯಾಸದಿಂದ ಏನನ್ನೂ ಹೇಳಲಾಗದು.

ಮಜ್ಜೆಯ ಕೋಶ ಎಲ್ಲಿಗೆ ಹೋಯಿತು

ಈ ಚಿಕಿತ್ಸೆಯಲ್ಲಿ ಮಾಡುವುದು ಇಷ್ಟು: ಸೊಂಟದ ಎಲುಬಿನಿಂದ ಮಜ್ಜೆ ಎಳೆದು, ಬಿಳಿ ಕೋಶಗಳನ್ನು ಬೇರ್ಪಡಿಸಿ, ಆಂಜಿಯೋಪ್ಲಾಸ್ಟಿಯ ಹಾಗೆಯೇ ಕ್ಯಾತಿಟರ್ ಎಂಬ ತೆಳು ನಳಿಕೆ ತೂರಿಸಿ, ಬಲೂನು ಉಬ್ಬಿಸಿ ಹರಿವು ತಡೆದು, ಆ ರಕ್ತನಾಳದೊಳಕ್ಕೆ ಬಿಡುವುದು. ಬಿಟ್ಟ ಕೋಶಗಳಿಗೆ ವಿಕಿರಣದ ಗುರುತು ಹಚ್ಚಿ ಹಿಂಬಾಲಿಸಿದವರಿದ್ದಾರೆ. 2005ರ ಆ ಅಧ್ಯಯನದಲ್ಲಿ ಯಾವುದೇ ಒಂದು ಬಗೆಯನ್ನು ಆರಿಸಿ ತೆಗೆಯದ ಮಜ್ಜೆಯ ಕೋಶಗಳಲ್ಲಿ ಹೃದಯದಲ್ಲಿ ಉಳಿದದ್ದು 3%ಕ್ಕೂ ಕಡಿಮೆ. ಮಿಕ್ಕವು ಹೆಚ್ಚಾಗಿ ಯಕೃತ್ತು, ಗುಲ್ಮಕ್ಕೆ ಹೋಗಿ ಸೇರಿದ್ದವು. ಹೃದಯದಲ್ಲಿ ಉಳಿದ ಚೂರುಪಾರು ಸ್ನಾಯುವಾಗಿ ಬದಲಾಗುತ್ತದೆಯೇ? ಇಲ್ಲ.

ಆಗುತ್ತದೆ ಎಂದು ಜಗತ್ತು ನಂಬಿದ್ದಕ್ಕೆ ಒಂದು ಮೂಲವಿದೆ. 2001ರಲ್ಲಿ ಅಮೆರಿಕದ ಸಂಶೋಧಕ ಪಿಯೆರೊ ಅನ್ವೆರ್ಸಾ ಅವರ ತಂಡ ಇಲಿಗಳಲ್ಲಿ ಮಜ್ಜೆಯ ಕೋಶ ಹೃದಯಸ್ನಾಯುವಾಯಿತೆಂದು ಪ್ರಕಟಿಸಿತು. ತಿಂಗಳುಗಳೊಳಗೆ ಮನುಷ್ಯರ ಮೇಲೂ ಪ್ರಯೋಗ ಹೊರಟಿತು. ಇಷ್ಟು ಅವಸರ ವೈದ್ಯಕೀಯದಲ್ಲಿ ಒಳ್ಳೆಯ ಲಕ್ಷಣವಲ್ಲ. 2004ರಲ್ಲಿ ಎರಡು ಬೇರೆ ತಂಡಗಳು ಅದೇ ಪ್ರಯೋಗ ಮಾಡಿ ನೋಡಿದರೆ ಒಂದೂ ಹೊಸ ಸ್ನಾಯು ಕಾಣಲಿಲ್ಲ. ಕೊನೆಗೆ 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆ ಆ ಪ್ರಯೋಗಾಲಯದ 31 ಪ್ರಬಂಧಗಳಲ್ಲಿ ತಿದ್ದಿದ ಅಥವಾ ಕೃತಕ ಮಾಹಿತಿ ಇದೆ, ಹಿಂತೆಗೆಯಿರಿ ಎಂದು ಪತ್ರಿಕೆಗಳಿಗೆ ಹೇಳಿದವು. ನಮ್ಮ ಕೈಗೆ ಬರುವ ವಿಡಿಯೋಗಳ ಚಿತ್ರಗಳು ಇನ್ನೂ 2001ರಲ್ಲೇ ನಿಂತಿವೆ.

ಹಾಗಿದ್ದರೂ ಪ್ರಾಣಿಗಳಲ್ಲಿ ಸ್ವಲ್ಪ ಉಪಕಾರ ಕಂಡದ್ದು ಸುಳ್ಳಲ್ಲ. ಅದಕ್ಕೆ ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ತಂಡ ಕೊಟ್ಟ ವಿವರಣೆ ನನಗೆ ಎಲ್ಲಕ್ಕಿಂತ ಒಪ್ಪುವಂಥದ್ದು. ಇಲಿಗಳ ಹೃದಯಕ್ಕೆ ಜೀವಂತ ಕೋಶ ಚುಚ್ಚಿದರು, ಸತ್ತ ಕೋಶ ಚುಚ್ಚಿದರು, ಯೀಸ್ಟಿನ ಗೋಡೆಯಿಂದ ತೆಗೆದ ಝೈಮೋಸಾನ್ ಎಂಬ ಪದಾರ್ಥವನ್ನೂ ಚುಚ್ಚಿದರು. ಪರಿಣಾಮ ಹೆಚ್ಚುಕಡಿಮೆ ಒಂದೇ. ಚುಚ್ಚಿದ್ದಕ್ಕೆ ದೇಹದ ರಕ್ಷಣಾಪಡೆ ಓಡಿಬಂದು, ಮ್ಯಾಕ್ರೋಫೇಜ್ ಕೋಶಗಳು ಕಲೆಯ ನಾರನ್ನು ಸ್ವಲ್ಪ ಮರುಜೋಡಿಸಿದ್ದರಿಂದ ಗೋಡೆಯ ಬಲ ಸುಧಾರಿಸಿತ್ತು. ಸ್ಟೆಮ್ ಸೆಲ್ಲಿಗೆ ಅಲ್ಲಿ ವಿಶೇಷ ಕೆಲಸವೇನೂ ಇರಲಿಲ್ಲ.

ತೊಡೆಯ ಸ್ನಾಯುವಿನ ಕೋಶ ತಂದು ಹೃದಯಕ್ಕೆ ನೆಟ್ಟ ದಾರಿಯೂ ಹೀಗೇ ನಿಂತಿತು. ಅವು ಬದುಕಿದವು, ಆದರೆ ಪಕ್ಕದ ಹೃದಯಕೋಶಗಳೊಡನೆ ವಿದ್ಯುತ್ ಸಂಪರ್ಕ ಬೆಳೆಸಲಿಲ್ಲ. ಬಡಿತದ ತಾಳ ತಪ್ಪುವ ತೊಂದರೆ ತಂದವು. ಜಪಾನ್ 2015ರಲ್ಲಿ ಇಂಥ ಕೋಶಗಳ ಹಾಳೆಯೊಂದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತ್ತು. ಪರಿಣಾಮ ಸಾಬೀತಾಗಲಿಲ್ಲವೆಂದು 2024ರಲ್ಲಿ ಅಲ್ಲಿನ ತಜ್ಞರ ಸಮಿತಿ ಪೂರ್ಣ ಒಪ್ಪಿಗೆಗೆ ತಲೆಯಾಡಿಸಲಿಲ್ಲ.

ನಿಜವಾದ ಸ್ನಾಯು ನೆಡುವ ಕೆಲಸ

ಹೊಸ ಸ್ನಾಯು ಬೇಕೆಂದರೆ ಸ್ನಾಯುವನ್ನೇ ಮಾಡಿ ಕೂರಿಸಬೇಕು. ಇದಕ್ಕೆ ದಾರಿ ತೆರೆದದ್ದು ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ. ರಕ್ತದ ಅಥವಾ ಚರ್ಮದ ಕೋಶಕ್ಕೆ ನಾಲ್ಕು ಜೀನುಗಳನ್ನು ತೂರಿಸಿ ಅದನ್ನು ಭ್ರೂಣದ ಕೋಶದಂತೆ ಹಿಂದಕ್ಕೆ ತಿರುಗಿಸಬಹುದೆಂದು 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಇವಕ್ಕೆ ಐ.ಪಿ.ಎಸ್. ಕೋಶ ಎನ್ನುತ್ತಾರೆ.

ಐ.ಪಿ.ಎಸ್. ಕೋಶದಿಂದ ಹೃದಯಸ್ನಾಯು ಮಾಡುವ ಪಾಕ ಈಗ ಸಾಕಷ್ಟು ಖಚಿತ. ಮೊದಲ ದಿನ ಸಿ.ಎಚ್.ಐ.ಆರ್. 99021 ಎಂಬ ರಾಸಾಯನಿಕ ಹಾಕಿ ವಿಂಟ್ ಎಂಬ ಸಂಕೇತವನ್ನು ಏರಿಸುತ್ತಾರೆ. ಎರಡು ಮೂರು ದಿನ ಕಳೆದು ಅದೇ ಸಂಕೇತವನ್ನು ಇನ್ನೊಂದು ರಾಸಾಯನಿಕದಿಂದ ಅದುಮುತ್ತಾರೆ. ಈ ಏರಿಳಿತದ ಹೊತ್ತು ತಪ್ಪಿದರೆ ಬೇರೆ ಯಾವುದೋ ಅಂಗಾಂಶ ಬರುತ್ತದೆ. ಎಂಟರಿಂದ ಹನ್ನೆರಡನೇ ದಿನದೊಳಗೆ ತಟ್ಟೆಯಲ್ಲಿ ಕೋಶಗಳು ತಾವಾಗಿ ಮಿಡಿಯತೊಡಗುತ್ತವೆ. ಆಮೇಲೆ ಗ್ಲೂಕೋಸ್ ತೆಗೆದು ಲ್ಯಾಕ್ಟೇಟ್ ಮಾತ್ರ ಇರುವ ದ್ರವದಲ್ಲಿ ಕೆಲವು ದಿನ ಇಡುತ್ತಾರೆ. ಹೃದಯಕೋಶ ಲ್ಯಾಕ್ಟೇಟಿನಲ್ಲಿ ಬದುಕುತ್ತದೆ, ಉಳಿದವು ಸಾಯುತ್ತವೆ. ಈ ಶುದ್ಧಿ ಸರಿಯಾಗದೆ ಒಂದಷ್ಟು ಮೂಲಕೋಶ ಉಳಿದರೆ ಅದರಿಂದ ಟೆರಟೋಮಾ ಎಂಬ ಗಡ್ಡೆ ಬೆಳೆಯುವ ಅಪಾಯವಿದೆ. ರೋಗಿಯ ಸ್ವಂತ ರಕ್ತದಿಂದ ಶುರುಮಾಡಿದರೆ ಪರೀಕ್ಷೆಗಳೆಲ್ಲ ಮುಗಿಯಲು ತಿಂಗಳುಗಳು ಬೇಕು, ಖರ್ಚೂ ವಿಪರೀತ. ಹಾಗಾಗಿ ಹೆಚ್ಚಿನ ತಂಡಗಳು ದಾನಿಯ ಕೋಶದಿಂದ ಮೊದಲೇ ಮಾಡಿ ಶೀತಲದಲ್ಲಿಟ್ಟ ದಾಸ್ತಾನು ಬಳಸುತ್ತವೆ. ಬೇರೆಯವರ ಕೋಶವಾದ್ದರಿಂದ ದೇಹ ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಔಷಧಿ ಬೇಕು. ಸೋಂಕು, ಕಿಡ್ನಿಯ ತೊಂದರೆ ಅದರ ಹಿಂದೆಯೇ ಬರುತ್ತವೆ.

ಇದನ್ನು ಹೃದಯಕ್ಕೆ ಸೇರಿಸುವ ರೀತಿ ಮೂರು. ಒಸಾಕದ ಯೋಶಿಕಿ ಸಾವಾ ತಂಡ 2020ರ ಜನವರಿಯಲ್ಲಿ ಸುಮಾರು 10 ಕೋಟಿ ಕೋಶಗಳಿರುವ ತೆಳು ಹಾಳೆಗಳನ್ನು ರೋಗಿಯ ಹೃದಯದ ಮೇಲೆ ಅಂಟಿಸಿತು. ಅಷ್ಟು ತೆಳು ಹಾಳೆ ದೂಡುವ ಕೆಲಸಕ್ಕಿಂತ, ಹೊಸ ರಕ್ತನಾಳ ಬೆಳೆಯಲು ಪ್ರಚೋದಿಸುವ ಪದಾರ್ಥ ಸ್ರವಿಸಿ ಸಹಾಯ ಮಾಡುತ್ತದೆಂಬುದು ಅದರ ಲೆಕ್ಕಾಚಾರ. ಹಾರ್ಟ್‌ಸೀಡ್ ಎಂಬ ಜಪಾನಿ ಕಂಪನಿ ಕೋಶಗಳನ್ನು ಸಣ್ಣ ಉಂಡೆಗಳಾಗಿ ಕಟ್ಟಿ, ಬೈಪಾಸ್ ಆಪರೇಷನ್ ವೇಳೆ ಗೋಡೆಯೊಳಕ್ಕೇ ಚುಚ್ಚುತ್ತದೆ. 5 ಕೋಟಿ ಮತ್ತು 15 ಕೋಟಿ ಕೋಶಗಳ ಎರಡು ಪ್ರಮಾಣಗಳನ್ನು ನೋಡಿದೆ. ಮೂರನೆಯದು ಜರ್ಮನಿಯ ಗೋಟಿಂಗೆನ್‌ನ ವುಲ್ಫ್ರಾಮ್ ಝಿಮ್ಮರ್‌ಮನ್ ತಂಡದ್ದು. ಹೃದಯಕೋಶ ಮತ್ತು ಆಧಾರಕೋಶಗಳನ್ನು ಕೊಲಾಜೆನ್‌ನಲ್ಲಿ ಸೇರಿಸಿ ನಿಜವಾಗಿ ಕುಗ್ಗುವ ಪಟ್ಟಿ ಕಟ್ಟಿ, ಎದೆಯ ಎಡಬದಿಯ ಸಣ್ಣ ಸೀಳಿನಿಂದ ಹೃದಯಕ್ಕೆ ಹೊಲಿಯುತ್ತಾರೆ. 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ 46 ವರ್ಷದ ಮಹಿಳೆಯೊಬ್ಬರಿಗೆ 40 ಕೋಟಿ ಕೋಶಗಳ ಪಟ್ಟಿ ಹೊಲಿದ ವಿವರವಿದೆ. 3 ತಿಂಗಳ ಬಳಿಕ ಅವರಿಗೆ ಹೃದಯ ಕಸಿ ಆಯಿತು. ಆಗ ಹೊರತೆಗೆದ ಹೃದಯವನ್ನು ಕತ್ತರಿಸಿ ನೋಡಿದಾಗ ಹೊಲಿದ ಸ್ನಾಯು ಬದುಕಿತ್ತು, ಅದರೊಳಗೆ ರಕ್ತನಾಳ ಬೆಳೆದಿತ್ತು. ಮನುಷ್ಯರ ಹೃದಯದ ಮೇಲೆ ಹೊರಗಿನಿಂದ ತಂದ ಸ್ನಾಯು ಉಳಿದದ್ದಕ್ಕೆ ಇಷ್ಟು ನೇರ ಸಾಕ್ಷಿ ಹಿಂದೆ ಇರಲಿಲ್ಲ. ಈ ಕ್ಷೇತ್ರದಲ್ಲಿ ನನಗೆ ಭರವಸೆ ಇರುವುದು ಇಲ್ಲಿ. ಆದರೆ ಇವೆಲ್ಲ ಹಳೆಯ ಹೃದಯ ವೈಫಲ್ಯದವರ ಮೇಲೆ, ಬೆರಳೆಣಿಕೆಯ ರೋಗಿಗಳಲ್ಲಿ ಶುರುವಾದ ಕೆಲಸ. ಅಟ್ಯಾಕ್ ಆದ ವಾರದಲ್ಲಿ ಮಾಡುವಂಥದ್ದಲ್ಲ.

ಎಡವುವುದು ಎಲ್ಲಿ? ಮೊದಲನೆಯದು ತಾಳ. ತಟ್ಟೆಯಲ್ಲಿ ಬೆಳೆದ ಕೋಶ ಭ್ರೂಣದ ಹೃದಯದಷ್ಟೇ ಬಲಿತಿರುತ್ತದೆ. ಬಲಿತ ಸ್ನಾಯು ಅಪ್ಪಣೆ ಬಂದಾಗ ಮಾತ್ರ ಮಿಡಿಯುತ್ತದೆ, ಇದು ತನ್ನಷ್ಟಕ್ಕೆ ಮಿಡಿಯುತ್ತದೆ. ಸಿಯಾಟಲ್‌ನ ಚಾರ್ಲ್ಸ್ ಮರಿ ತಂಡ 2014ರಲ್ಲಿ ಕೋತಿಗಳಿಗೆ 100 ಕೋಟಿ ಕೋಶ ಚುಚ್ಚಿದಾಗ ಸ್ನಾಯು ಚೆನ್ನಾಗಿ ಬೆಳೆಯಿತು, ಜೊತೆಗೆ ಕೆಲವು ವಾರ ಬಡಿತ ಹುಚ್ಚಾಪಟ್ಟೆ ಓಡಿತು. ಅದೇ ತಂಡ ಆಮೇಲೆ ಜೀನ್ ತಿದ್ದಿ ಈ ತಾನಾಗಿ ಮಿಡಿಯುವ ಗುಣವನ್ನು ಅಡಗಿಸುವ ಕೆಲಸಕ್ಕೆ ಇಳಿದಿದೆ. ಎರಡನೆಯದು ರಕ್ತ. ಹತ್ತಿರದ ರಕ್ತನಾಳದಿಂದ 0.1-0.2 ಮಿ.ಮೀ.ಗಿಂತ ದೂರದ ಕೋಶಕ್ಕೆ ಆಮ್ಲಜನಕ ತಲುಪುವುದಿಲ್ಲ, ಆದ್ದರಿಂದ ದಪ್ಪ ಪಟ್ಟಿಯ ಒಳಭಾಗ ಮೊದಲ ದಿನಗಳಲ್ಲೇ ಸಾಯಬಹುದು. ಹೃದಯದ ಎಡಗೋಡೆಯೋ ಸುಮಾರು 10 ಮಿ.ಮೀ. ದಪ್ಪ.

ಇನ್ನೊಂದು ಕವಲು ಇರುವ ಸ್ನಾಯುವನ್ನೇ ಮತ್ತೆ ವಿಭಜಿಸುವಂತೆ ಎಬ್ಬಿಸುವುದು. ಜೀಬ್ರಾಫಿಶ್ ಎಂಬ ಮೀನಿನ ಹೃದಯದ ಕೆಳಕೋಣೆಯ 20% ಕತ್ತರಿಸಿದರೂ ಎರಡು ತಿಂಗಳಲ್ಲಿ ಬೆಳೆಯುತ್ತದೆ. ಹುಟ್ಟಿದ ದಿನದ ಇಲಿಮರಿಗೂ ಆ ಶಕ್ತಿ ಇದೆ, ಏಳನೇ ದಿನಕ್ಕೆ ಹೋಗಿರುತ್ತದೆ. ಇಟಲಿಯ ವಿಜ್ಞಾನಿ ಮೌರೊ ಜಾಕಾ ಅವರ ತಂಡ 2019ರಲ್ಲಿ ಅಟ್ಯಾಕ್ ಮಾಡಿಸಿದ ಹಂದಿಗಳಿಗೆ ನಿರುಪದ್ರವಿ ವೈರಸ್ ಮೂಲಕ ಕೋಶವನ್ನು ವಿಭಜನೆಗೆ ಎಬ್ಬಿಸುವ ಮೈಕ್ರೋ ಆರ್.ಎನ್.ಎ.-199ಎ ಎಂಬ ಅಣುವನ್ನು ಕೊಟ್ಟಿತು. ಒಂದು ತಿಂಗಳಲ್ಲಿ ಕಲೆ ಚಿಕ್ಕದಾಯಿತು, ಸ್ನಾಯು ಹೆಚ್ಚಿತು. ಆಮೇಲೆ ಹೆಚ್ಚಿನ ಹಂದಿಗಳು ಬಡಿತ ತಪ್ಪಿ ಹಠಾತ್ತಾಗಿ ಸತ್ತವು. ವಿಭಜಿಸು ಎನ್ನುವ ಅಪ್ಪಣೆ ನಿಲ್ಲಿಸಲು ವೈರಸ್ಸಿನಲ್ಲಿ ಸ್ವಿಚ್ ಇರಲಿಲ್ಲ.

ತಲಪಾಡಿಯ ಈಚೆ

ಅಲ್ಲಿಯವರೆಗೆ ಸ್ನಾಯು ಉಳಿಸುವ ಖಚಿತ ದಾರಿ ಗಡಿಯಾರ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿ.ಮೀ. ಮುಳ್ಳೇರಿಯ, ದೇಲಂಪಾಡಿ ಕಡೆಯವರಿಗೆ ಅದಕ್ಕಿಂತ ಹೆಚ್ಚು, ಹೆದ್ದಾರಿ ಸೇರುವವರೆಗಿನ ತಿರುವುಗಳು ಬೇರೆ. 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಈ ದೂರದ ಅರ್ಥ ಎಲ್ಲರಿಗೂ ತಿಳಿಯಿತು. ಎದೆನೋವಿಗೆ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಕೂರದೆ ಹತ್ತಿರದ ಆಸ್ಪತ್ರೆಯಲ್ಲಿ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ದೊಡ್ಡ ಅಟ್ಯಾಕ್ ಎಂದು ಗೊತ್ತಾಗಿ, ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವ ಖಾತ್ರಿ ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು ಮುಂದಕ್ಕೆ ಕಳಿಸುವುದು ಸರಿಯಾದ ಕ್ರಮ. ಟೆನೆಕ್ಟೆಪ್ಲೇಸ್ ತೂಕ ನೋಡಿ ಒಂದೇ ಸಲ ಕೊಡುವಂಥದ್ದು, ಸ್ಟ್ರೆಪ್ಟೋಕೈನೇಸ್ ಆದರೆ 15 ಲಕ್ಷ ಯೂನಿಟ್ ಅರ್ಧದಿಂದ ಒಂದು ಗಂಟೆ ಡ್ರಿಪ್. ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಕೊಡುವಂತಿಲ್ಲ, ಅದನ್ನು ಮನೆಯವರು ಮೊದಲೇ ಹೇಳಬೇಕು. ಆಮೇಲೆ 24 ಗಂಟೆಯೊಳಗೆ ಆಂಜಿಯೋಗ್ರಾಂ. ಇಂಜೆಕ್ಷನ್ ಕೊಟ್ಟ ಹೊತ್ತು ಬರೆದ ಚೀಟಿ, ಮೊದಲ ಇ.ಸಿ.ಜಿ. ಎರಡೂ ಆಂಬ್ಯುಲೆನ್ಸಿನಲ್ಲಿ ರೋಗಿಯ ಜೊತೆಗೇ ಹೋಗಲಿ.

ಇನ್ನು ಸ್ಟೆಮ್ ಸೆಲ್ ಕ್ಲಿನಿಕ್ಕಿನವರು ಫೋನ್ ಮಾಡಿದರೆ. ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ನಮ್ಮ ದೇಶದಲ್ಲಿ ಸ್ಟೆಮ್ ಸೆಲ್ ರೂಢಿಯ ಚಿಕಿತ್ಸೆಯಾಗಿರುವುದು ರಕ್ತ ಮತ್ತು ಮಜ್ಜೆಯ ಕೆಲವು ಕಾಯಿಲೆಗಳಿಗೆ ಮಾತ್ರ. ಹೃದಯಕ್ಕೆ ಕೊಡುವುದಾದರೆ ಅನುಮತಿ ಪಡೆದ ಟ್ರಯಲಿನಲ್ಲೇ ಕೊಡಬೇಕು. ಬೆಂಗಳೂರಿನಲ್ಲಿ ತಯಾರಾಗುವ ಸ್ಟೆಂಪ್ಯೂಸೆಲ್ ಎಂಬ ಸ್ಟೆಮ್ ಸೆಲ್ ಔಷಧಿಗೆ ಸರಕಾರದ ಒಪ್ಪಿಗೆ ಇದೆಯಲ್ಲ ಎಂದು ಯಾರಾದರೂ ತೋರಿಸಬಹುದು. ಇದೆ, ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತನಾಳ ಮುಚ್ಚಿದವರಿಗೆ ಮತ್ತು ಮೊಣಕಾಲಿನ ಸವೆತಕ್ಕೆ. ಹೃದಯಕ್ಕಲ್ಲ. ಟ್ರಯಲ್ ಎಂದರೆ ಸಿ.ಟಿ.ಆರ್.ಐ. (ದೇಶದ ಟ್ರಯಲುಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಆ ಜಾಲತಾಣದಲ್ಲಿ ಹುಡುಕಿ, ನಿಮ್ಮೆದುರು ಕೂತ ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ಅದರಲ್ಲಿ ಇದೆಯೇ ನೋಡಿ. ನೋಂದಣಿ ಅಂದರೆ ಒಪ್ಪಿಗೆ ಅಂತಲೂ ಅಲ್ಲ. ನೈತಿಕ ಸಮಿತಿಯ ಒಪ್ಪಿಗೆ, ಡ್ರಗ್ಸ್ ಕಂಟ್ರೋಲರ್ ಅನುಮತಿ ಬೇರೆ ಬೇರೆ ಕಾಗದಗಳು. ಟ್ರಯಲಿನ ಚಿಕಿತ್ಸೆಗೆ ರೋಗಿಯಿಂದ ದುಡ್ಡು ತೆಗೆಯುವಂತಿಲ್ಲ. ಲಕ್ಷಗಟ್ಟಲೆ ಮುಂಗಡ ಕೇಳಿದರೆ ಅಲ್ಲಿಗೇ ಫೋನ್ ಇಡಬಹುದು.

ಸಮ್ಮತಿ ಪತ್ರದ ವಿಷಯ ನಮ್ಮ ಕಡೆಯವರಿಗೆ ವಿಶೇಷ. ತಿರುವನಂತಪುರ, ಕೊಚ್ಚಿ ಕಡೆ ಹೋದರೆ ಮಲಯಾಳದ್ದೋ ಇಂಗ್ಲಿಷಿನದ್ದೋ ಹಾಳೆ ಮುಂದೆ ಬರುತ್ತದೆ. ಕನ್ನಡ ಮಾತ್ರ ಓದಲು ಬರುವ ಹಿರಿಯರು "ಓ, ಹಾಕುವ" ಎಂದು ಸಹಿ ಹಾಕುತ್ತಾರೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಸಮ್ಮತಿ ಪಡೆಯಬೇಕೆಂದು 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದೆ. ಕನ್ನಡದ ಪ್ರತಿ ಕೇಳುವುದು ದಾಕ್ಷಿಣ್ಯದ ಪ್ರಶ್ನೆಯಲ್ಲ. ಸಹಿ ಹಾಕಿದ ಪತ್ರದ ಒಂದು ಪ್ರತಿ ಮನೆಗೆ ಬರಬೇಕು. ಟ್ರಯಲಿನಿಂದ ತೊಂದರೆಯಾದರೆ ಚಿಕಿತ್ಸೆ ಯಾರ ಖರ್ಚು, ಪರಿಹಾರ ಯಾರು ಕೊಡುತ್ತಾರೆ ಎಂಬ ಭಾಗವನ್ನು ಮೊದಲು ಓದಿಸಿ.

ಸೇರುವುದೆಂದು ನಿಶ್ಚಯಿಸಿದವರು ಆಂಜಿಯೋಗ್ರಾಂ ಸಿ.ಡಿ., ಅಟ್ಯಾಕ್ ಆದ ದಿನದ್ದು ಮತ್ತು 40 ದಿನ ಕಳೆದ ಮೇಲಿನದ್ದು ಎರಡು ಎಕೋ, ಈಗ ತಿನ್ನುತ್ತಿರುವ ಮಾತ್ರೆಗಳ ಹೆಸರು ಮತ್ತು ಮಿ.ಗ್ರಾಂ ಒಯ್ಯಬೇಕು. ಸಾಧ್ಯವಾದರೆ ಗ್ಯಾಡೊಲಿನಿಯಂ ಎಂಬ, ಕಲೆಯನ್ನು ಎತ್ತಿ ತೋರಿಸುವ ದ್ರವ ಕೊಟ್ಟು ಮಾಡಿದ ಹೃದಯದ ಎಂ.ಆರ್.ಐ. ಕೂಡ. ಕಲೆ ಗೋಡೆಯ ದಪ್ಪದ ಅರ್ಧಕ್ಕಿಂತ ಕಡಿಮೆ ಇದ್ದರೆ ಆ ಜಾಗಕ್ಕೆ ರಕ್ತ ಸರಿಯಾಗಿ ಸಿಕ್ಕಿದಾಗ ಸ್ನಾಯು ತಾನಾಗಿ ಚೇತರಿಸುವ ಸಾಧ್ಯತೆ ಹೆಚ್ಚು. ಅರ್ಧ ಮೀರಿದ್ದರೆ ಕಡಿಮೆ. ಕಿಡ್ನಿ ದುರ್ಬಲವಾಗಿದ್ದರೆ ಗ್ಯಾಡೊಲಿನಿಯಂ ಕೊಡುವ ಮುಂಚೆ ಕ್ರಿಯೇಟಿನಿನ್ ರಿಪೋರ್ಟ್ ಕೇಳುತ್ತಾರೆ, ಅದನ್ನೂ ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ.